ಕೊಸರು

(ಧಾರವಾಡದ ನಮ್ಮ ಓಣಿಯ ಓದುಗರ ಕೂಟದಲ್ಲಿ ಒಂದು ರವಿವಾರ ಸಂಜೆ ಆಡಿದ ಮಾತು. ಕೇಳಿದವರು ಬರೆದು ಕೊಡಿ ಎಂದದ್ದಕ್ಕೆ, ಆಡಿದ ಕ್ರಮದಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕೆಲವರಾದರೂ ನನ್ನ ಕೈಯಿಂದ ರೊಕ್ಕ ಎಣಿಸಿಕೊಂಡು ಹೋದವರಿದ್ದೀರಿ. ಮೂವತ್ತನಾಲ್ಕು ವರ್ಷ ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡಿ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಅದರಲ್ಲಿ ಹೆಚ್ಚಿನ ಕಾಲ ಕ್ಯಾಶ್ ಕೌಂಟರಿನ ಹಿಂದೆಯೇ ಹೋಯಿತು. "ಊರೊಳಗಿನ ಸಣ್ಣ ಸಣ್ಣ ಖುಷಿ"ಯ ಬಗ್ಗೆ ಮಾತಾಡಿ ಎಂದು ಕೂಟದವರು ಮನೆಗೆ ಬಂದು ಕೇಳಿದಾಗ ಒಂದು ವಾರ ಟೈಮ್ ಕೊಡಿ ಅಂದೆ. ಆ ವಾರದಲ್ಲಿ ನನಗೆ ವಿಷಯ ಎತ್ತಿಕೊಟ್ಟವಳು ನನ್ನ ಮೊಮ್ಮಗಳು.

ಪುಣೆಯಲ್ಲಿ ಬೆಳೆಯುತ್ತಿರುವ ಹುಡುಗಿ, ಒಂಬತ್ತು ವರ್ಷ. ರಜೆಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದೆ. ಸೂಪರ್ ಮಾರ್ಕೆಟ್ ಅಂದಕೂಡಲೇ ಅವಳು ಗಾಜಿನ ಬಾಗಿಲು, ತಳ್ಳುವ ಗಾಡಿ ನೆನೆಸಿಕೊಂಡಿದ್ದಳಂತೆ. ನಮ್ಮ ಧಾರವಾಡದಲ್ಲಿ ಆ ಹೆಸರು ಬಯಲಿನ ಕಾಯಿಪಲ್ಯೆ ಪೇಟೆಗೆ ಸಲ್ಲುತ್ತದೆಂದು ಅವಳಿಗೇನು ಗೊತ್ತು! ನಾನು ದಿನಾ ಕೊಳ್ಳುವ ಹೆಣ್ಣುಮಗಳು ಹೀರೇಕಾಯಿ, ಚವಳೀಕಾಯಿ, ಮೆಂತೆ ಪಲ್ಯೆ ಕೊಟ್ಟಳು. ಮೊಮ್ಮಗಳೇ ನನ್ನ ಫೋನ್ ಹಿಡಿದು ರೊಕ್ಕ ಕಳಿಸಿದಳು. ಡಬ್ಬಿ ಮೊತ್ತವನ್ನು ಕೂಗಿ ಹೇಳಿತು. ಅದೆಲ್ಲ ಮುಗಿದ ಮೇಲೆ ಆ ಹೆಣ್ಣುಮಗಳು ಒಂದು ಎಳೆ ಕರಿಬೇವು, ಎರಡು ಹಸಿಮೆಣಸಿನಕಾಯಿ ಎತ್ತಿ ನಮ್ಮ ಚೀಲಕ್ಕೆ ಹಾಕಿದಳು. ಹುಡುಗಿ ಗಾಬರಿಯಾಗಿ, "ಅಜ್ಜಿ, ಇದಕ್ಕ ರೊಕ್ಕಾ ಕೊಟ್ಟಿಲ್ಲ!" ಅಂದಳು.

"ಅದಕ್ಕ ರೊಕ್ಕಾ ಇಲ್ಲವ್ವಾ, ಅದು ಕೊಸರು."

"ಕೊಸರು ಅಂದ್ರ?"

"ನಿಮ್ಮಜ್ಜಿ ಹೇಳ್ತಾರ ಕೇಳು," ಎಂದು ಆಕೆ ಮುಂದಿನವರಿಗೆ ಬದನೆಕಾಯಿ ಆರಿಸತೊಡಗಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ತಿಳಿಸಿ ಹೇಳಲು ನೋಡಿದೆ. ತೂಕ ಮುಗಿದ ಮೇಲೆ, ರೊಕ್ಕದ ಲೆಕ್ಕ ಹರಿದ ಮೇಲೆ, ಮಾರುವವರು ತಾವಾಗಿ ಹಾಕುವ ಒಂದು ಹಿಡಿ, ಅದು ಕೊಸರು. "ಫ್ರೀ ಅಲ್ಲಾ ಅಜ್ಜಿ?" ಅಂದಳು. ಫ್ರೀ ಅಲ್ಲ ಎಂದು ಮನಸ್ಸಿಗೆ ಗೊತ್ತಿತ್ತು. ಯಾಕೆ ಅಲ್ಲ ಎನ್ನುವುದು ಬಾಯಿಗೆ ಬರಲಿಲ್ಲ. ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ನನ್ನ ಇಷ್ಟು ವರ್ಷದ ಊರ ಬಾಳಿನಲ್ಲಿ ಖುಷಿ ಕೊಟ್ಟದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರೆ, ಮುಕ್ಕಾಲು ಪಾಲು ಕೊಸರಿನ ಜಾತಿಯದೇ ಇದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹರಡುತ್ತೇನೆ.

ನಮ್ಮ ಅವ್ವ ಕೊಸರನ್ನು ಕೇಳಿ ಹಾಕಿಸಿಕೊಳ್ಳುವವಳು. ಧಾರಣೆಗೆ ಜಗ್ಗಾಡುತ್ತಿರಲಿಲ್ಲ. ಹೇಳಿದ ರೇಟು ಜಾಸ್ತಿ ಅನ್ನಿಸಿದರೆ ಸುಮ್ಮನೆ ಮುಂದಿನ ಗುಡ್ಡೆಗೆ ಹೋಗುತ್ತಿದ್ದಳು. ಆದರೆ ಕೊಸರು ಬೀಳದೆ ಚೀಲ ಎತ್ತುತ್ತಿರಲಿಲ್ಲ. "ಕೊಸರ ಹಾಕವ್ವಾ, ಬರಿಗೈಲೆ ಕಳಸ್ತೀಯೇನ?" ಎಂದು ಕೇಳುವಾಗ ಅವಳ ಎರಡೂ ಕೈಯಲ್ಲಿ ತುಂಬಿದ ಚೀಲ ಇರುತ್ತಿದ್ದವು! ರೊಕ್ಕ ಕೊಟ್ಟು ತಗೊಂಡದ್ದು ಅವಳ ಲೆಕ್ಕದಲ್ಲಿ ಕೈ ತುಂಬಿಸುತ್ತಿರಲಿಲ್ಲ. ಮೇಲೆ ಬಿದ್ದ ನಾಲ್ಕು ಬೆಂಡೆಕಾಯಿಯೇ ಕೈ ತುಂಬಿಸುತ್ತಿತ್ತು.

ಅವಳ ಬಾಯಲ್ಲಿ ಕೊನೆಯತನಕ ಪಾವಶೇರು, ಚಟಾಕು ಉಳಿದಿದ್ದವು. 1958ರಿಂದ ಹಂತ ಹಂತವಾಗಿ ನಮ್ಮ ದೇಶದಲ್ಲಿ ಕಿಲೋ, ಗ್ರಾಮಿನ ತೂಕ ಜಾರಿಗೆ ಬಂತು. ನಮ್ಮ ಅಪ್ಪ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಎಂಬತ್ತು ತೊಲದ ಶೇರು ಅಂದರೆ ಸುಮಾರು 933 ಗ್ರಾಮು, ಕಿಲೋ ಅದಕ್ಕಿಂತ 67 ಗ್ರಾಮು ಹೆಚ್ಚು, ಹೀಗಾಗಿ "ಕಿಲೋದಾಗ ಕೊಸರು ಒಳಗ ಕೂತೈತಿ, ಮತ್ತ ಯಾಕ ಕೇಳ್ತಿ?" ಎಂದು ಅವರು ಅವ್ವನಿಗೆ ಲೆಕ್ಕ ಬಿಡಿಸಿ ಹೇಳುತ್ತಿದ್ದರು. ಅವ್ವ ಒಪ್ಪುತ್ತಿರಲಿಲ್ಲ. "ಒಳಗ ಕೂತದ್ದು ಕೊಸರ ಹೆಂಗ ಆಗ್ತೈತಿ? ಕಣ್ಣಿಗೆ ಕಾಣಬೇಕು, ಕೈಯಿಂದ ಬೀಳಬೇಕು."

ಅಪ್ಪನ ಗಣಿತ ಸರಿ ಇತ್ತು. ಅವ್ವನ ಮಾತು ಅದಕ್ಕಿಂತ ಹೆಚ್ಚು ಸರಿ ಇತ್ತು ಎಂದು ಈಗ ಅನ್ನಿಸುತ್ತದೆ. ಮಾಲುಗಳಲ್ಲಿ ಎರಡು ತಗೊಂಡರೆ ಒಂದು ಪುಕ್ಕಟೆ ಎಂದು ಬರೆದಿರುತ್ತಾರಲ್ಲ, ಅದು ಅಪ್ಪ ಹೇಳಿದ ಒಳಗೆ ಕೂತ ಕೊಸರು. ಆ ಮೂರನೆಯದರ ಬೆಲೆಯನ್ನು ಯಾರೋ, ಎಲ್ಲೋ, ಮೊದಲೇ ಕೂಡಿಸಿ ಇಟ್ಟಿರುತ್ತಾರೆ. ಅಲ್ಲಿ ನನಗೆ ಕೊಟ್ಟವರು ಯಾರೂ ಇಲ್ಲ. ಮೊಮ್ಮಗಳಿಗೆ ಹೇಳಬೇಕಾಗಿದ್ದದ್ದು ಇದು: ಫ್ರೀ ಎನ್ನುವುದಕ್ಕೆ ಕೊಡುವ ಕೈ ಬೇಕಿಲ್ಲ, ಕೊಸರಿಗೆ ಕೈ ಬೇಕು.

ಹಳ್ಳಿ ಕಂಡವರಿಗೆ ಕಣದಲ್ಲಿ ರಾಶಿ ಅಳೆಯುವುದು ನೆನಪಿರುತ್ತದೆ. ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಲಾಭ, ಎರಡು, ಮೂರು. ಎಣಿಕೆಯ ಬಾಗಿಲಲ್ಲೇ ಎಣಿಕೆಗೆ ಸಿಗದ ಒಂದು ಶಬ್ದವನ್ನು ನಮ್ಮ ಹಿರಿಯರು ಕೂಡಿಸಿದ್ದಾರೆ. ಪೇಟೆಗೆ ಬಂದ ಮೇಲೆ ಅದು ಎಣಿಕೆಯ ಕೊನೆಗೆ ಸರಿದು ಕೊಸರಾಯಿತೇನೋ ಎಂದು ನಾನು ಅಂದುಕೊಳ್ಳುತ್ತೇನೆ. ಇದು ನನ್ನ ಊಹೆ.

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ಕೊಸರು ನುಸುಳಲಾಗದ ಜಾಗ ಯಾವುದಾದರೂ ಇದ್ದರೆ ಅದು ಕ್ಯಾಶ್ ಕೌಂಟರು. ನೂರು ನೋಟಿಗೆ ಒಂದು ಪ್ಯಾಕೆಟ್ಟು, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ನಾನು ಸೇರಿದ ಕಾಲಕ್ಕೆ ಪ್ಯಾಕೆಟ್ಟಿಗೆ ಪಿನ್ನು ಹೊಡೆದಿರುತ್ತಿದ್ದರು. ಅದನ್ನು ಕಿತ್ತು ಕಿತ್ತು ಉಗುರಿನ ಸಂದು ಹರಿಯುತ್ತಿತ್ತು. ಒದ್ದೆ ಸ್ಪಂಜಿಗೆ ಬೆರಳು ಅದ್ದಿ ಎಣಿಸುವುದು. ಸಂಜೆ ಕ್ಯಾಶು ಟ್ಯಾಲಿ ಆಗಬೇಕು. ಹತ್ತು ರೂಪಾಯಿ ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ಹತ್ತು ರೂಪಾಯಿ ಹೆಚ್ಚು ಬಂದರೂ ಎದ್ದು ಹೋಗುವಂತಿಲ್ಲ, ಅದು ಯಾರದ್ದು, ಎಲ್ಲಿಂದ ಬಂತು ಎಂದು ಎಲ್ಲ ವೋಚರು ಮತ್ತೆ ತಿರುವಬೇಕು. ಹೊರಗೆ ಪೇಟೆಯಲ್ಲಿ ಹೆಚ್ಚಿಗೆ ಬಂದದ್ದು ಸಂತೋಷ, ನನ್ನ ಟೇಬಲ್ಲಿನ ಮೇಲೆ ಅದೇ ಚಿಂತೆ.

ಇದನ್ನು ನಾನು ಗೋಳಾಗಿ ಹೇಳುತ್ತಿಲ್ಲ. ಅಳತೆ ತಪ್ಪಬಾರದ ಜಾಗದಲ್ಲಿ ತಪ್ಪಬಾರದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆಯಲ್ಲ, ನಮ್ಮ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. ಅಗಲ ಎರಡು ಪಾಲು ಆದರೆ ಉದ್ದ ಮೂರು ಪಾಲು, ನಡುವೆ ಚಕ್ರಕ್ಕೆ ಇಪ್ಪತ್ನಾಲ್ಕು ಅರೆ. ಒಂಬತ್ತು ಅಳತೆಗಳಲ್ಲಿ ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಅಲ್ಲಿ ಒಂದು ಬೆರಳು ಹೆಚ್ಚು ಬಟ್ಟೆ ಬಿಟ್ಟರೆ ಅದನ್ನು ಉದಾರತನ ಎನ್ನಲಾಗುವುದಿಲ್ಲ. ಹೆಚ್ಚಿನವರು ಹೆಣ್ಣುಮಕ್ಕಳೇ ಕೂತು ಆ ಅಳತೆಯನ್ನು ಕಾಯುತ್ತಾರೆ. ಕ್ಯಾಶಿನಲ್ಲಿ ಕೂತವಳಿಗೆ ಅವರ ಮೇಲೆ ಎಂಥ ಗೌರವ ಹುಟ್ಟುತ್ತದೆ ಎನ್ನುವುದನ್ನು ನಾನು ಬಾಯಿಂದ ಹೇಳಲಾರೆ.

ಕೊಸರಿಗೂ ಇದೇ ಬುನಾದಿ. ತೂಕ ಸರಿ ಇದ್ದರೆ ಮಾತ್ರ ಕೊಸರಿಗೆ ಕಿಮ್ಮತ್ತು. ತಕ್ಕಡಿಯ ಕೆಳಗೆ ಬೆರಳಿಟ್ಟು ಐವತ್ತು ಗ್ರಾಮು ಹೊಡೆದು, ಮೇಲೆ ಎರಡು ಟೊಮ್ಯಾಟೊ ಎಸೆದರೆ ಅದು ನನ್ನದೇ ಟೊಮ್ಯಾಟೊ ನನಗೆ ಬಂದದ್ದು. ಅಂಥ ಅಂಗಡಿಯ ಮುಂದೆ ಅವ್ವ ಎರಡನೆಯ ಸಲ ನಿಂತವಳಲ್ಲ.

ಒಂದು ದಿನ ನನ್ನ ಕ್ಯಾಶು ಐನೂರು ರೂಪಾಯಿ ಕಡಿಮೆ ಬಂತು. ಹೊಸ ನೋಟು, ಒಂದಕ್ಕೊಂದು ಅಂಟಿಕೊಂಡು ಯಾರಿಗೋ ಹೆಚ್ಚಿಗೆ ಹೋಗಿತ್ತು. ರಾತ್ರಿ ಎಂಟರ ತನಕ ಹುಡುಕಿದೆವು. ಕೊನೆಗೆ ಪರ್ಸಿನಿಂದ ತೆಗೆದು ಹಾಕಿ ಮನೆಗೆ ಬಂದೆ, ಊಟ ಸೇರಲಿಲ್ಲ. ಮರುದಿನ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ನವಲಗುಂದದ ಕಡೆಯ ಒಬ್ಬ ಹಿರಿಯರು ಮೆಟ್ಟಿಲ ಮೇಲೆ ಕೂತಿದ್ದರು. ಮೊದಲನೆಯ ಬಸ್ಸಿಗೆ ಬಂದಿದ್ದರಂತೆ. ಧೋತರದ ಗಂಟು ಬಿಚ್ಚಿ ಒಂದೇ ಒಂದು ನೋಟು ತೆಗೆದು ಕೊಟ್ಟರು. "ಮನಿಗೆ ಹೋಗಿ ಎಣಿಸಿದಾಗ ಒಂದು ಹೆಚ್ಚಿಗೆ ಬಂತ್ರಿ ಬಾಯಾರ. ನಿಮಗ ರಾತ್ರಿ ನಿದ್ದಿ ಬಂದಿರಾಕಿಲ್ಲ." ಬಸ್ಸಿನ ಚಾರ್ಜಾದರೂ ತಗೊಳ್ಳಿ ಎಂದು ಎಷ್ಟು ಹೇಳಿದರೂ ತಗೊಳ್ಳಲಿಲ್ಲ. ನೋಟು ನನ್ನ ಲೆಕ್ಕಕ್ಕೆ ಸೇರಿತು, ಆದರೆ ಆ ನಿದ್ದೆಯ ಮಾತು ಯಾವ ಲೆಕ್ಕಕ್ಕೂ ಸೇರಲಿಲ್ಲ. ಅಪರಿಚಿತ ಹೆಣ್ಣುಮಗಳೊಬ್ಬಳು ನಿದ್ದೆಗೆಟ್ಟಾಳು ಎಂದು ಅಷ್ಟು ದೂರದಲ್ಲಿ ಒಬ್ಬರು ನೆನೆದಿದ್ದರು.

ಬಲವಂತ ಮಾಡಿ ಚಹಾಕ್ಕೆ ಕರೆದುಕೊಂಡು ಹೋದೆ. ಅದಕ್ಕೂ ಅವರು ಒಂದು ಕರಾರು ಹಾಕಿದರು: "ಒಂದರಾಗ ಎರಡು ಮಾಡಿಸ್ರಿ, ಪೂರಾ ಬ್ಯಾಡ." ಹುಬ್ಬಳ್ಳಿಯಲ್ಲಿ ಒಂದರಾಗ ಎರಡು ಕುಡಿಯದೆ ಯಾವ ಮಾತೂ ಮುಗಿಯುವುದಿಲ್ಲ. ಒಂದು ಚಹಾವನ್ನು ಎರಡು ಗ್ಲಾಸಿಗೆ ಬಗ್ಗಿಸಿದರೆ ಅರ್ಧರ್ಧ ಆಗಬೇಕು. ಚಹಾದವರು ಬಗ್ಗಿಸುವುದನ್ನು ನೋಡಿ. ಎರಡೂ ಗ್ಲಾಸು ಅರ್ಧಕ್ಕಿಂತ ಮೇಲೇ ಬಂದು ನಿಲ್ಲುತ್ತವೆ. ಕೆಟಲಿಯಿಂದ ಕೊನೆಯ ಒಂದು ಎಳೆಯನ್ನು ಆ ಗ್ಲಾಸಿಗಿಷ್ಟು, ಈ ಗ್ಲಾಸಿಗಿಷ್ಟು ಎಳೆದು ಬಿಡುತ್ತಾರೆ. ದಿನಕ್ಕೆ ನೂರಾರು ಸಲ ಹಾಗೆ ಬಗ್ಗಿಸುವ ಕೈಗೆ ಆ ಒಂದು ಎಳೆಯ ಲೆಕ್ಕ ಗೊತ್ತಿಲ್ಲವೆ? ಗೊತ್ತಿದ್ದೇ ಬಗ್ಗಿಸುತ್ತಾರೆ.

ಆಮೇಲೆ ನಾನು ಯೋಚಿಸಿದೆ. ಪೇಟೆಯಲ್ಲಿ ಇಷ್ಟು ಜನರಿಂದ ಕೊಸರು ತಗೊಳ್ಳುವ ನಾನು ತಿರುಗಿ ಏನು ಕೊಡಲಿ? ರೊಕ್ಕವನ್ನಂತೂ ಒಂದು ಪೈಸೆ ಹೆಚ್ಚು ಕೊಡುವಂತಿಲ್ಲ. ಹುಡುಕಿದಾಗ ಒಂದು ದಾರಿ ಸಿಕ್ಕಿತು. ಹೊಸ ನೋಟು. ಹತ್ತು ರೂಪಾಯಿಯ ಹೊಸ ನೋಟಿಗೂ ಹಳೆಯದಕ್ಕೂ ಬೆಲೆ ಒಂದೇ. ಆದರೆ ಪಂಚಮಿಗೆ ಮೊಮ್ಮಕ್ಕಳ ಕೈಗೆ ಇಡಲು, ಮದುವೆಯ ಮುಯ್ಯಿಯ ಲಕೋಟೆಗೆ ಹಾಕಲು, ದೀಪಾವಳಿಯ ಲಕ್ಷ್ಮೀಪೂಜೆಗೆ ಎಲ್ಲರಿಗೂ ಹೊಸದೇ ಬೇಕು. ಹೊಸ ಪ್ಯಾಕೆಟ್ಟು ಬಂದ ದಿನ ಒಂದೆರಡನ್ನು ಬದಿಗಿಟ್ಟು, ಪೆನ್ಶನ್ ತಗೊಳ್ಳಲು ಬರುವ ಅಜ್ಜಂದಿರು, ಅಜ್ಜಿಯರಿಗೆ ನಾನಾಗಿಯೇ ಕೇಳುತ್ತಿದ್ದೆ, "ಅಜ್ಜಾರ, ಹೊಸಾವ ಕೊಡ್ಲೇನ್ರಿ?" ಆ ಮುಖಗಳು ಅರಳುತ್ತಿದ್ದುದನ್ನು ನೀವು ನೋಡಬೇಕಿತ್ತು. ನೋಟನ್ನು ಮೂಸಿ ನೋಡುವವರಿದ್ದರು. ಕ್ಯಾಶು ಅವತ್ತೂ ಪೈಸೆಗೆ ಪೈಸೆ ಟ್ಯಾಲಿ ಆಗುತ್ತಿತ್ತು.

ಅವರಲ್ಲಿ ಒಬ್ಬ ಅಜ್ಜ ಒಂದು ಚಳಿಗಾಲ ಕೌಂಟರಿನ ಕಿಂಡಿಯಲ್ಲಿ ಹಿಡಿಯಷ್ಟು ಹಸಿ ಕಡಲೆಗಿಡ ತುರುಕಿದರು. ಸುಲಗಾಯಿ. ಬೇರಿನಲ್ಲಿ ಎರೆಮಣ್ಣು ಹಾಗೇ ಇತ್ತು. ಕಡಲೆಗಿಡದ ಹುಳಿ ಬೆರಳಿಗೆ ಹತ್ತಿ, ಆ ಇಡೀ ದಿನ ನಾನು ಮುಟ್ಟಿದ ನೋಟಿಗೆಲ್ಲ ಹೊಲದ ವಾಸನೆ ಇತ್ತು.

ಓಡಾಟದ ಮಾತಿಗೆ ಬರೋಣ. ಹುಬ್ಬಳ್ಳಿ ಧಾರವಾಡ 1962ರಲ್ಲೇ ಒಂದೇ ಪಾಲಿಕೆಗೆ ಸೇರಿದ್ದರೂ ನಡುವೆ ಇಪ್ಪತ್ತು ಕಿಲೋಮೀಟರಿನ ದಾರಿ ಇದೆ. ಆ ದಾರಿಯನ್ನು ನಾನು ಎಷ್ಟು ಸಾವಿರ ಸಲ ತುಳಿದೆನೋ! ಮೊದಲು ಸರಕಾರಿ ಕೆಂಪು ಬಸ್ಸು, ಆಮೇಲೆ ಬೇಂದ್ರೆ ನಗರ ಸಾರಿಗೆ ಎಂಬ ಖಾಸಗಿ ಬಸ್ಸು. ಜನ ಪೂರ್ತಿ ಹೆಸರು ಹೇಳುತ್ತಿರಲಿಲ್ಲ. "ಬೇಂದ್ರೆ ಬಂತ್ರಿ, ಲಗೂ ಹತ್ರಿ", "ಬೇಂದ್ರೆ ಹಿಡದು ಬಂದೆ" ಅನ್ನುತ್ತಿದ್ದರು. ಸಾಧನಕೇರಿಯ ಕವಿಯ ಹೆಸರು ಹೀಗೆ ಗಡಿಬಿಡಿಯ ಬಾಯಲ್ಲಿ, ಕಂಡಕ್ಟರನ ಕೂಗಿನಲ್ಲಿ ದಿನಾ ಓಡಾಡುತ್ತಿತ್ತು. ಇನ್ನಾವ ಊರು ತನ್ನ ಕವಿಯನ್ನು ಹೀಗೆ ಕೂಗಿ ಕರೆದಿದೆ? 2018ರಿಂದ ಚಿಗರಿ ಬಂತು. ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ರಸ್ತೆಯ ನಡುವೆ ತನ್ನದೇ ದಾರಿ, ತಾನಾಗಿ ತೆರೆಯುವ ಬಾಗಿಲು, ತಂಪು. ನನ್ನ ಕೊನೆಯ ಮೂರು ವರ್ಷ ಆರಾಮಾಗಿ ಕಳೆದದ್ದು ಅದರಿಂದಲೇ. ಆದರೆ ಆ ದಾರಿಗಾಗಿ ಎರಡೂ ಬದಿಯ ದೊಡ್ಡ ದೊಡ್ಡ ಮರಗಳು ಹೋದವು. ಅವುಗಳ ನೆರಳು ಯಾರ ಲೆಕ್ಕದಲ್ಲೂ ಬರೆದಿಟ್ಟದ್ದಲ್ಲ. ಟಿಕೆಟ್ಟಿನ ಮೇಲೆ ಬಿದ್ದ ಕೊಸರಾಗಿತ್ತು ಅದು. ಹೋದ ಮೇಲೆಯೇ ನನಗೆ ಅದು ಎಷ್ಟಿತ್ತು ಎಂದು ತಿಳಿಯಿತು, ಈಗಲೂ ಆ ದಾರಿಯಲ್ಲಿ ಮನಸ್ಸು ಹಿಂಡುತ್ತದೆ.

ನವಲೂರಿನಲ್ಲಿ ಹಳೆಯ ಬಸ್ಸು ನಿಂತಾಗ ಪೇರಲದ ಬುಟ್ಟಿಗಳು ಕಿಟಕಿಯ ಎತ್ತರಕ್ಕೆ ಏಳುತ್ತಿದ್ದವು. ನವಲೂರ ಪೇರಲ ಎಂದರೆ ಈ ಕಡೆ ಹೆಸರುವಾಸಿ. ಬಸ್ಸು ಹೊರಟುಬಿಡುತ್ತದೆ ಎಂಬ ಅವಸರದಲ್ಲೇ ರೊಕ್ಕ ಕೆಳಗೆ, ಹಣ್ಣು ಮೇಲೆ. ಬಸ್ಸು ಹೊರಟು ನಾಲ್ಕು ಹೆಜ್ಜೆ ಹೋದ ಮೇಲೂ ಓಡಿ ಬಂದು ಇನ್ನೊಂದು ಹಣ್ಣನ್ನು ಕಿಟಕಿಯಲ್ಲಿ ಎಸೆಯುತ್ತಿದ್ದ ಹೆಣ್ಣುಮಗಳು ನನಗೆ ಗೊತ್ತು. ಬಸ್ಸು ಹೋಗುವುದರಿಂದ ಆಕೆಗೆ ಕೊಸರು ಉಳಿಸಿಕೊಳ್ಳಲು ಎಷ್ಟು ಸುಲಭ ಇತ್ತು, ನೋಡಿ.

ಅಲ್ಲಿಂದ ಮುಂದೆ ಗಾಳಿ ಬದಲಾಗುತ್ತದೆ. ದಿನಾ ಓಡಾಡುವವರು ಕಣ್ಣು ಮುಚ್ಚಿಯೂ ಹೇಳಬಲ್ಲರು. ಹುಬ್ಬಳ್ಳಿ ಎರೆಮಣ್ಣಿನ ಬಯಲುಸೀಮೆ, ಧಾರವಾಡ ಅದಕ್ಕಿಂತ ಎತ್ತರದಲ್ಲಿದ್ದು ಮಲೆನಾಡಿನ ಸೆರಗು ಹಿಡಿದು ನಿಂತ ಕೆಂಪು ನೆಲದ ಊರು. ಜೂನ್, ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿರುತ್ತದೆ, ಟೋಲ್ ನಾಕಾ ಹತ್ತಿರ ಬಂದರೆ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಧಾರವಾಡದಿಂದ ಕೊಡೆ ಹಿಡಿದು ಬಂದವರನ್ನು ಕಂಡು ನಮ್ಮ ಬ್ಯಾಂಕಿನಲ್ಲಿ ಹುಬ್ಬಳ್ಳಿಯವರು ನಗುತ್ತಿದ್ದರು. ಆ ಮಳೆಯ ಹನಿಗೂ ಇಲ್ಲಿ ಎರಡು ದಾರಿ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತಾಳೆ. ಈಚೆ ಪೂರ್ವಕ್ಕೆ ಇಳಿದ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಎನ್ನುತ್ತ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಸಂಜೆ ದಣಿದು ಬಸ್ಸಿನಿಂದ ಇಳಿದಾಗ ಮುಖಕ್ಕೆ ಬಿದ್ದ ಮೊದಲ ಹನಿಗೆ, "ನೀ ಯಾವ ಕಡೆ ಹೊಂಟೀದಿ?" ಎಂದು ಮನಸ್ಸಿನಲ್ಲೇ ಕೇಳಿಕೊಂಡು ನಡೆಯುತ್ತಿದ್ದೆ.

ತಿನ್ನುವುದರ ಬಗ್ಗೆ ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ ಅರ್ಧ ತಿಂದಾಗ ತಟ್ಟೆ ಮುಂದೆ ಚಾಚಿದರೆ, ಕೇಳುವ ಮೊದಲೇ ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಮೇಲೆ ಬೀಳುತ್ತದೆ. ಮೊದಲು ಹಾಕಿದ್ದು ಗೊಜ್ಜಿನಲ್ಲಿ ಮೆತ್ತಗಾಗಿರುತ್ತದೆ, ಈಗ ಬಿದ್ದದ್ದು ಗರಿಗರಿ. ಇನ್ನು ಫೇಡೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಊರು ಬಿಟ್ಟು ಬಂದ ಠಾಕೂರ್ ಮನೆತನದವರು ಇಲ್ಲಿ ಕಾಸಿದ ಹಾಲು ಇವತ್ತು ಧಾರವಾಡದ ಹೆಸರನ್ನೇ ಹೊತ್ತು ಭೌಗೋಳಿಕ ಗುರುತು ಪಡೆದಿದೆ, ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಡಬ್ಬಿಯ ತಳದ ಬಗ್ಗೆ. ಫೇಡೆ ಮುಗಿದ ಮೇಲೆ, ಮೈಗೆ ಹೊರಳಿಸಿದ ಸಕ್ಕರೆ ಪುಡಿ ಕಾಗದದ ಮಡಿಕೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಕೂತಿರುತ್ತದಲ್ಲ, ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಮಕ್ಕಳು ಅದಕ್ಕೆ ಪಾಳಿ ಹಚ್ಚುತ್ತಿದ್ದೆವು. ಫೇಡೆಯನ್ನು ಅವ್ವ ಸರಿಸಮ ಹಂಚುತ್ತಿದ್ದಳು. ತಳದ ಪುಡಿ ಆ ದಿನದ ಪಾಳಿಯವರದು. ಈಗ ಒಂದು ಕಿಲೋ ಫೇಡೆ ತರಬಲ್ಲೆ, ಆದರೂ ಡಬ್ಬಿ ಖಾಲಿಯಾದಾಗ ಬೆರಳು ತಾನಾಗಿ ಮಡಿಕೆಗೆ ಹೋಗುತ್ತದೆ.

ಮಣ್ಣೆತ್ತಿನ ಅಮವಾಸ್ಯೆಗೆ ಪೇಟೆಯಲ್ಲಿ ಜೋಡಿ ಎತ್ತು ಕೊಳ್ಳುತ್ತೇವೆ. ಅಪಾರ್ಟ್‌ಮೆಂಟಿನ ಮೂರನೇ ಮಜಲಿನವರೂ ಕೊಳ್ಳುತ್ತಾರೆ, ಹೊಲ ಇಲ್ಲದಿದ್ದರೇನಂತೆ. ಹೋದ ವರ್ಷ ಕುಂಬಾರಣ್ಣ ಎತ್ತು ಕಟ್ಟಿಕೊಟ್ಟು, ಮತ್ತೆ ನನ್ನನ್ನು ಕರೆದು ಬೆರಳಗಲದ ಒಂದು ಗ್ವಾದಲಿ ಕೈಗಿಟ್ಟ. "ಎತ್ತು ಒಯ್ತೀರಿ, ಮೇವು ಎಲ್ಲಿ ಹಾಕ್ತೀರ್ರಿ?" ಅಂದ. ಮಣ್ಣಿನ ಎತ್ತಿನ ಹಸಿವೆಯ ಕಾಳಜಿ ಅದು.

ಬೆಳಿಗ್ಗೆ ಹಾಲು ತರಲು ಹೋಗುವಾಗ ಸಪ್ತಾಪುರದ ಒಂದು ಓಣಿಯಲ್ಲಿ ನಾನು ಸುತ್ತು ಹಾಕಿಕೊಂಡು ಹೋಗುತ್ತೇನೆ. ಅಲ್ಲಿ ಒಂದು ಮನೆಯಿಂದ ತಂಬೂರಿಯ ಶ್ರುತಿಯಲ್ಲಿ ಷಡ್ಜ ಕೇಳಿಸುತ್ತದೆ. ಯಾರೋ ಕಲಿಯುವವರು. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಬಾಳಿದ ಊರಿದು. ಆಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರು. 1950ರಿಂದ ಇಲ್ಲಿ ಆಕಾಶವಾಣಿ ನಿಲಯ ಇದೆ. ಆದರೂ ಈ ಹೆಸರಿಲ್ಲದ ಷಡ್ಜಕ್ಕೆ ನನ್ನ ಕಾಲು ನಿಧಾನವಾಗುತ್ತದೆ. ಅದು ನನಗಾಗಿ ಹಾಡಿದ್ದಲ್ಲ, ಹಾಡುವವರಿಗೆ ನಾನು ಹೊರಗಿದ್ದೇನೆಂದೂ ಗೊತ್ತಿಲ್ಲ. ಇದನ್ನು ಕೊಸರು ಎನ್ನಬಹುದೋ ಇಲ್ಲವೋ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ, ಏಕೆಂದರೆ ಕೊಡುವ ಕೈ ಬೇಕು ಎಂದು ನಾನೇ ಈಗ ಹೇಳಿದೆ. ನೀವು ಯೋಚಿಸಿ ನೋಡಿ.

ಮೊನ್ನೆ ಮೊಮ್ಮಗಳನ್ನು ಪುಣೆಯ ಗಾಡಿಗೆ ಹತ್ತಿಸಿ ಬಂದೆವು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. 2023ರ ಮಾರ್ಚ್ 12ಕ್ಕೆ ಅದರ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ನನಗೆ ಅದರ ಉಪಯೋಗ ತಿಳಿದದ್ದು ಬೇರೆ ರೀತಿ. ಗಾಡಿ ಕಣ್ಣಿಂದ ಮರೆಯಾಗುವ ತನಕ ತುದಿಯತನಕ ನಡೆದು ಹೋಗಿ, ಅಲ್ಲಿಂದ ತಿರುಗಿ ಬರುವಾಗ ನಡೆಯಲು ಅಷ್ಟು ದೂರ ಇರುತ್ತದೆ. ಹೊರಗೆ ಆಟೋ ನಿಲ್ಲುವ ಜಾಗ ಬರುವ ಹೊತ್ತಿಗೆ ಕಣ್ಣು ಒಣಗಿರುತ್ತವೆ.

ಇನ್ನೊಂದೇ ಮಾತು ಉಳಿದಿದೆ. ನಮ್ಮ ಮಾರುಕಟ್ಟೆಯ ಮೂಲೆಯಲ್ಲಿ ಹೂವು ಮಾರುವ ಒಬ್ಬಾಕೆ ಇದ್ದಾಳೆ. ಹೂವಿನ ಅಳತೆ ಮೊಳ, ಮೊಣಕೈಯಿಂದ ನಡುಬೆರಳ ತುದಿಯ ತನಕ. ಸರಕಾರದ ಯಾವ ಕಾಯ್ದೆಯೂ ಹೂವಿನ ಮೊಳವನ್ನು ಬದಲಿಸಲಿಲ್ಲ, ಅಲ್ಲಿ ಈಗಲೂ ಮಾರುವವರ ಕೈಯೇ ಅಳತೆಗೋಲು. ಈಕೆ ಗಿಡ್ಡ ಹೆಂಗಸು, ಕೈಯೂ ಗಿಡ್ಡ. ನಾನು ಅವಳಲ್ಲಿ ಹೂವು ಕೊಳ್ಳತೊಡಗಿ ಹನ್ನೆರಡು ವರ್ಷ ಆಗಿರಬಹುದು. ಪ್ರತಿ ಸಲವೂ ಮೊಳ ಹಾಕಿ, ಅದರ ಮುಂದೆ ನಾಲ್ಕು ಬೆರಳು ಇಟ್ಟು, ಅಲ್ಲಿ ಹರಿಯುತ್ತಾಳೆ. ಮೊದಲ ಸಲ ಕೇಳಿದಾಗ, "ನನ್ನ ಕೈ ಗಿಡ್ಡ ಐತ್ರಿ ಅಕ್ಕಾರ, ಅದಕ್ಕ ನಾಕ ಬಟ್ಟು" ಅಂದಿದ್ದಳು. ಈ ನಾಲ್ಕು ಬೆರಳನ್ನು ಏನೆಂದು ಬರೆಯಬೇಕು ಎಂದು ಕ್ಯಾಶಿನಲ್ಲಿ ಕೂತವಳಿಗೆ ಬಹಳ ದಿನ ಗೊತ್ತಾಗಿರಲಿಲ್ಲ. ಹೆಚ್ಚಿಗೆ ಕೊಟ್ಟದ್ದೋ, ಕಡಿಮೆಯಾದದ್ದನ್ನು ತುಂಬಿದ್ದೋ?

ಇವತ್ತಿನ ಕಾರ್ಯಕ್ರಮಕ್ಕೆಂದು ನಿನ್ನೆ ಸಂಜೆ ಅವಳ ಹತ್ತಿರ ಹೋಗಿ ಎರಡು ಮೊಳ ಮಲ್ಲಿಗೆ ಕೇಳಿದೆ. ಒಂದು ಮೊಳ, ನಾಲ್ಕು ಬೆರಳು. ಇನ್ನೊಂದು ಮೊಳ, ನಾಲ್ಕು ಬೆರಳು. ಆಮೇಲೆ ದಾರವನ್ನು ಇನ್ನೂ ಸ್ವಲ್ಪ ಎಳೆದು, ಒಂದು ಗೇಣಿನಷ್ಟು ಬಿಟ್ಟು ಹರಿದಳು.

"ನಾಕ ಬಟ್ಟು ಕೈ ಗಿಡ್ಡ ಅಂತ ಅಂದಿ. ಇದು ಯಾಕ?" ಎಂದು ಕೇಳಿದೆ.

ಬಾಳೆ ಎಲೆಯಲ್ಲಿ ಹೂವು ಸುತ್ತಿ ನನ್ನ ಕೈಗೆ ಕೊಡುತ್ತ ಹೇಳಿದಳು: "ನಾಕ ಬಟ್ಟು ನಿಮ್ಮದ ಐತ್ರಿ ಅಕ್ಕಾರ, ಅದನ್ನ ಹಾಕಬೇಕಾಗ್ತೈತಿ. ಇದು ಕೊಸರು."

ಆ ಹೂವು ಇಲ್ಲೇ ಟೇಬಲ್ಲಿನ ಮೇಲಿದೆ. ಹೋಗುವಾಗ ಹೆಣ್ಣುಮಕ್ಕಳು ಒಂದೊಂದು ತುಣುಕು ಮುಡಿದುಕೊಂಡು ಹೋಗಿ.